ಪದಚರ್ಚೆ: ‘ಹೌಸ್‌ಹೋಲ್ಡ್’, ‘ಕಾಮನರ್’, ‘ಮೆತಾತೆ’ಗಳಿಗೆ ಕನ್ನಡದಲ್ಲಿ ಏನನ್ನಬೇಕು?

ನಮಸ್ಕಾರ. ಮೆಕ್ಸಿಕೋದ ಓಹಾಕಾ ಕರಾವಳಿಯ ರಿಯೋ ವಿಯೆಹೋ ಎಂಬ ಪ್ರಾಚೀನ ನೆಲೆಯ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ‘ಹೌಸ್‌ಹೋಲ್ಡ್ ಆರ್ಕಿಯಾಲಜಿ’ಗೆ ‘ಗೃಹ ಪುರಾತತ್ತ್ವ’, ‘ಕಾಮನರ್’ಗೆ ‘ಒಕ್ಕಲು’, ‘ಮೆತಾತೆ’ಗೆ ‘ಬೀಸುವ ಕಲ್ಲು’ ಎಂದು ಬರೆದಿದ್ದೇನೆ. ಬಲ್ಲವರು ತಿಳಿಸಿ.

ಉತ್ತರ:

ಮೊದಲು ಬೀಸುವ ಕಲ್ಲನ್ನು ತೆಗೆದುಬಿಡಿ ಸರ್. ಗೂಟ ಹಿಡಿದು ಸುತ್ತ ತಿರುಗಿಸುವ ಕಲ್ಲು ಸ್ಪೇನಿನವರು ಬರುವ ಮುಂಚೆ ಆ ಸೀಮೆಯಲ್ಲಿ ಇರಲೇ ಇಲ್ಲ. ಮೆತಾತೆ ಎಂದರೆ ಚಪ್ಪಟೆ ಹಾಸುಗಲ್ಲು. ಅದರ ಮೇಲೆ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಉಜ್ಜುತ್ತಾರೆ. ಜೋಳವನ್ನು (ಮುಸುಕಿನ ಜೋಳ ಎಂದೇ ಬರೆಯಿರಿ, ಬಿಳಿಜೋಳವಲ್ಲ) ಸುಣ್ಣದ ನೀರಲ್ಲಿ ಬೇಯಿಸಿ, ನೆನೆಹಾಕಿ, ತೊಳೆದು, ಹಸಿಯಾಗಿಯೇ ನುಣ್ಣಗೆ ಮಾಡುವುದು. ಒಣಗಾಳು ಬೀಸುತ್ತೇವೆ, ನೆಂದದ್ದನ್ನು ಅರೆಯುತ್ತೇವೆ. ಆದ್ದರಿಂದ ‘ಅರೆಯುವ ಕಲ್ಲು’.

ನಿಮ್ಮ ಲೇಖನಕ್ಕೆ ಇದು ಮುಖ್ಯ. ರಿಯೋ ವಿಯೆಹೋದಲ್ಲಿ ಕ್ರಿ.ಶ. 800ರ ಹೊತ್ತಿಗೆ ಅರಸೊತ್ತಿಗೆ ಕುಸಿಯಿತು. ಆಮೇಲೆ ಸಾಮಾನ್ಯರು ಅರಸರ ಕಟ್ಟಡಗಳಿದ್ದ ಹಳೆಯ ದಿಬ್ಬದ ಮೇಲೆಯೇ ಮನೆ ಕಟ್ಟಿಕೊಂಡರು. ಹಿಂದಿನ ಕಾಲದ ಕೆತ್ತನೆಗಲ್ಲೊಂದನ್ನು ಅರೆಯುವ ಕಲ್ಲಾಗಿ ಸವೆಸಿ, ಕೊನೆಗೆ ಗೋಡೆಗೆ ಸೇರಿಸಿದರು.

ಇಲ್ಲಿಯೇ ‘ಒಕ್ಕಲು’ ಕೈಕೊಡುತ್ತದೆ. ಒಕ್ಕಲು ಎಂದೊಡನೆ ಎದುರಿಗೆ ಒಬ್ಬ ಒಡೆಯ ನಿಲ್ಲುತ್ತಾನೆ. ಒಡೆಯನೇ ಹೋದ ಮೇಲಿನ ಕಥೆಗೆ ಅದು ತಪ್ಪು ಚಿತ್ರ. ‘ಸಾಮಾನ್ಯರು’ ಸಾಕು. ‘ಶ್ರೀಸಾಮಾನ್ಯ’ ಬೇಡ, ಚುನಾವಣೆಯ ವಾಸನೆ ಹೊಡೆಯುತ್ತದೆ.

ಇನ್ನು ‘ಹೌಸ್‌ಹೋಲ್ಡ್’ ಎಂದರೆ ಒಟ್ಟಿಗೆ ಬಾಳುವ ಮಂದಿ ಮತ್ತು ಅವರ ದಿನನಿತ್ಯದ ಕೆಲಸ. ‘ಗೃಹ’ ಎಂದರೆ ಓದುಗರಿಗೆ ಕಟ್ಟಡವಷ್ಟೇ ಕಾಣುತ್ತದೆ. ಎಲ್ ಸಾಲ್ವಡಾರ್‌ನ ಹೋಯಾ ದೆ ಸೆರೆನ್ ನೋಡಿ: ಜ್ವಾಲಾಮುಖಿಯ ಬೂದಿಯಲ್ಲಿ ಹೂತು ಉಳಿದ ಆ ಹಳ್ಳಿಯಲ್ಲಿ ಒಂದೇ ಸಂಸಾರಕ್ಕೆ ಮಲಗಲು ಒಂದು, ಅಡುಗೆಗೆ ಒಂದು, ಕಾಳುಕಡಿಗೆ ಒಂದು ಎಂದು ಬೇರೆ ಬೇರೆ ಕಟ್ಟಡ. ಕಟ್ಟಡ ಎಣಿಸಿದರೆ ಒಂದು ಸಂಸಾರ ಮೂರಾಗುತ್ತದೆ, ಜನಸಂಖ್ಯೆಯ ಲೆಕ್ಕವೆಲ್ಲ ಉಬ್ಬುತ್ತದೆ. ‘ಕುಟುಂಬ’ವೂ ಆಗದು, ಅಗೆದಾಗ ಸಿಗುವುದು ನೆಂಟಸ್ತಿಕೆಯಲ್ಲ, ಬೇಯಿಸಿದ, ನೂತ, ಕೂಡಿಟ್ಟ ಗುರುತು. ನನ್ನ ಮತ ‘ಮನೆವಾರ್ತೆಯ ಪುರಾತತ್ತ್ವ’ಕ್ಕೆ.

ಮುಂದೆ ‘ಗಂಟೆಯಾಕಾರದ ಗುಂಡಿ’ ಬಂದರೆ ಧೈರ್ಯವಾಗಿ ‘ಹಗೇವು’ ಎನ್ನಿ: ಬಾಯಿ ಕಿರಿದು, ಹೊಟ್ಟೆ ಅಗಲ, ಕಾಳು ತುಂಬಲು ತೋಡಿದ್ದು. ಒಂದು ಎಚ್ಚರ. ಉಪಯೋಗ ಮುಗಿದ ಮೇಲೆ ಇವುಗಳಿಗೆ ಬೂದಿ, ಒಡಕು ಮಡಕೆ ಸುರಿಯುತ್ತಿದ್ದರು, ಕೆಲವೊಮ್ಮೆ ಹೆಣವನ್ನೂ ಹೂಳುತ್ತಿದ್ದರು. ಹಾಗಾಗಿ ‘ಹಗೇವಿನಲ್ಲಿ ಸಿಕ್ಕ ವಸ್ತು’ ಎಂದರೆ ಕೂಡಿಟ್ಟದ್ದೋ ಎಸೆದದ್ದೋ ಎಂದು ವಾಕ್ಯದಲ್ಲೇ ಬಿಡಿಸಿ ಹೇಳಿ.