ಹೋಮೋಜಿನೈಸರ್ ಪಂಪ್ ಪ್ರಶ್ನೋತ್ತರ: ಮುಳ್ಳು ಕುಣಿಯುವುದು, ಬ್ಲಾಕ್ ಬೆವರುವುದು

ಅಡ್ಮಿನ್: ಡೈರಿ ಮತ್ತು ಆಹಾರ ಯಂತ್ರಗಳಿಗೆ ಹೈ ಪ್ರೆಶರ್ ಪಂಪ್ ಡಿಸೈನ್ ಮಾಡುವ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. ವಿಷಯ ಹೋಮೋಜಿನೈಸರ್, ಅಂದರೆ ಹಾಲನ್ನು ಹೆಚ್ಚು ಒತ್ತಡದಲ್ಲಿ ಕಿರಿದಾದ ವಾಲ್ವಿನ ಮೂಲಕ ತಳ್ಳಿ ಕೊಬ್ಬನ್ನು ಸಣ್ಣ ಕಣ ಮಾಡುವ ಯಂತ್ರ. ಪ್ರಶ್ನೆ ಹಾಕಿ. ಫಾರ್ವರ್ಡ್ ಬೇಡ.

ರಾತ್ರಿ ಪಾಳಿ: ನಮಸ್ಕಾರ ಮೇಡಂ. ನಮ್ಮದು ಮೂರು ಪ್ಲಂಜರ್ (ಹಿಂದೆ ಮುಂದೆ ಓಡಿ ಹಾಲನ್ನು ಒತ್ತುವ ದಂಡ) ಇರುವ ಹೋಮೋಜಿನೈಸರ್. 200 ಬಾರ್‌ಗೆ ಇಟ್ಟರೆ ಒತ್ತಡದ ಗೇಜಿನ ಮುಳ್ಳು 160ರಿಂದ 220ರವರೆಗೆ ಕುಣಿಯುತ್ತದೆ. ಟಕಟಕ ಸದ್ದು ಬೇರೆ. ಹೋಮೋಜಿನೈಸಿಂಗ್ ವಾಲ್ವ್ ಬದಲಿಸಿದೆವು, ಸರಿ ಹೋಗಲಿಲ್ಲ.

ಪಂಪ್ ಡಿಸೈನರ್: ನಮಸ್ಕಾರ. ಮೊದಲು ಸಕ್ಷನ್ ಕಡೆ, ಅಂದರೆ ಹಾಲು ಪಂಪಿನೊಳಗೆ ಬರುವ ಕಡೆ ನೋಡಿ. ಹಾಲು 65 ಡಿಗ್ರಿ ಬಿಸಿ ಇರುತ್ತದೆ. ಪ್ಲಂಜರ್ ಹಿಂದೆ ಸರಿಯುವಾಗ ಕೋಣೆ ಪೂರ್ತಿ ತುಂಬದಿದ್ದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ, ಮುಂದೆ ಬರುವಾಗ ಅದು ಒಡೆಯುತ್ತದೆ. ನೀವು ಕೇಳುತ್ತಿರುವ ಸದ್ದು ಬಹುಶಃ ಅದೇ. ಪಂಪ್ ಓಡುತ್ತಿರುವಾಗಲೇ ಇನ್‌ಲೆಟ್‌ನಲ್ಲಿ 2-3 ಬಾರ್ ಇರಬೇಕು, ನಿಂತಾಗ ತೋರಿಸಿದರೆ ಸಾಲದು. ಜಾಲರಿ ಕಟ್ಟಿದೆಯಾ, ಯೂನಿಯನ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಎಳೆಯುತ್ತಿದೆಯಾ, ಬ್ಯಾಲೆನ್ಸ್ ಟ್ಯಾಂಕ್ ಮಟ್ಟ ಇಳಿಯುತ್ತಿದೆಯಾ ನೋಡಿ. ಎಲ್ಲ ಸರಿಯಿದ್ದರೆ ಆಮೇಲೆ ಸಕ್ಷನ್, ಡೆಲಿವರಿ ವಾಲ್ವ್ ಬಿಚ್ಚಿ. ಒಂದು ಸೀಟಿಗೆ ಗೆರೆ ಬಿದ್ದಿದ್ದರೂ ಮುಳ್ಳು ಹೀಗೇ ಆಡುತ್ತದೆ.

ಕಲಿಯುವವ: ಗಂಟೆಗೆ 5000 ಲೀಟರ್, 200 ಬಾರ್. ಎಷ್ಟು ಕಿಲೋವ್ಯಾಟ್ ಮೋಟಾರ್ ಬೇಕು ಮೇಡಂ?

ಪಂಪ್ ಡಿಸೈನರ್: ಲೀಟರ್ ಗುಣಿಸು ಬಾರ್, ಭಾಗಿಸು 36000. ಸುಮಾರು 28 ಬರುತ್ತದೆ. ದಕ್ಷತೆ 90% ಹಿಡಿದರೆ 31. 37ರ ಮೋಟಾರ್ ಹಾಕಿ. ಈ ಶಕ್ತಿಯೆಲ್ಲ ಕೊನೆಗೆ ಶಾಖವಾಗುತ್ತದೆ, ವಾಲ್ವ್ ದಾಟುವಾಗ ಹಾಲು 5 ಡಿಗ್ರಿ ಏರುತ್ತದೆ. ಕೂಲಿಂಗ್ ಲೆಕ್ಕದಲ್ಲಿ ಇದನ್ನು ಸೇರಿಸಿ.

ಸಾಸ್ ಲೈನ್: ದಪ್ಪ ಸಾಸಿಗೆ ಬಾಲ್ ವಾಲ್ವ್ ಒಳ್ಳೆಯದಾ, ಪಾಪೆಟ್ ವಾಲ್ವಾ?

ಮೇಂಟೆನೆನ್ಸ್: ಮೇಡಂ, ಸ್ವಲ್ಪ ಅರ್ಜೆಂಟ್. 180 ಬಾರ್ ದಾಟಿದರೆ ಎರಡನೇ ಪ್ಲಂಜರ್ ಹತ್ತಿರ ಪಂಪ್ ಬ್ಲಾಕ್ (ಪ್ಲಂಜರ್ ಕೋಣೆಗಳಿರುವ ಸ್ಟೀಲ್ ದಿಮ್ಮಿ) ಮೇಲೆ ಬೆವರಿನ ಹಾಗೆ ಹನಿ ಬರುತ್ತದೆ. ಕೈಯಿಂದ ಒರೆಸಿದರೆ ಮತ್ತೆ ಬರುತ್ತದೆ. ಪ್ಯಾಕಿಂಗ್, ಅಂದರೆ ಪ್ಲಂಜರ್ ಸುತ್ತಲಿನ ಸೀಲ್, ಹೊಸದು. ಯಂತ್ರ ಇರುವುದು ಪಾಶ್ಚರೀಕರಣ ಆದ ಮೇಲಿನ ಲೈನಿನಲ್ಲಿ. ಹೊರಗಿನಿಂದ ವೆಲ್ಡ್ ಹೊಡೆಸೋಣ ಅಂತಿದ್ದಾರೆ.

ಪಂಪ್ ಡಿಸೈನರ್: ಯಂತ್ರ ಓಡುತ್ತಿದ್ದರೆ ಮೊದಲು ನಿಲ್ಲಿಸಿ, ಆಮೇಲೆ ಮುಂದೆ ಓದಿ. ಮತ್ತೆ ಯಾರೂ ಅಲ್ಲಿ ಕೈ ಇಡಬಾರದು. 200 ಬಾರ್‌ನಲ್ಲಿ ಕೂದಲೆಳೆ ಬಿರುಕಿನಿಂದ ಬರುವ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಬೆರಳೇ ಹೋಗಬಹುದು. ಹಾಗೆ ಆದರೆ ನೋವಿಲ್ಲ ಅಂತ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗ ಬ್ಲಾಕ್ ವಿಷಯ. ಗಟ್ಟಿ ಸ್ಟೀಲ್ ಬೆವರುವುದಿಲ್ಲ. ಹೊಸ ಪ್ಯಾಕಿಂಗ್ ಹಾಕಿಯೂ ಬ್ಲಾಕಿನ ಮೈ ಮೇಲೆ ಹನಿ ಬರುತ್ತಿದೆ ಅಂದರೆ ಒಳಗಿನಿಂದ ಬಿರುಕು ಹೊರಗೆ ಬಂದು ಮುಟ್ಟಿದೆ ಅಂತಲೇ ನಾನು ಹಿಡಿಯುತ್ತೇನೆ. ಹೆಚ್ಚಾಗಿ ಇದು ಹುಟ್ಟುವುದು ಪ್ಲಂಜರ್ ತೂತೂ ವಾಲ್ವ್ ತೂತೂ ಕೂಡುವ ಅಂಚಿನಲ್ಲಿ. ಅಲ್ಲಿ ಸ್ಟ್ರೆಸ್ ಸಾದಾ ಗೋಡೆಗಿಂತ ಎರಡೂವರೆ, ಮೂರು ಪಟ್ಟು ಇರುತ್ತದೆ. ಪಂಪ್ ನಿಮಿಷಕ್ಕೆ 150 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಪ್ರತಿ ಸುತ್ತಿಗೂ ಆ ಅಂಚು ಹತ್ತಿರ ಹತ್ತಿರ ಸೊನ್ನೆಯಿಂದ 200 ಬಾರ್‌ಗೆ ಏರಿ ಇಳಿಯುತ್ತದೆ. ಗಂಟೆಗೆ 9000 ಸಲ. ದಿನಕ್ಕೆ 20 ಗಂಟೆ ಓಡಿಸಿದರೆ ಎರಡು ತಿಂಗಳಲ್ಲೇ ಒಂದು ಕೋಟಿ ದಾಟುತ್ತದೆ. ಅದಕ್ಕೇ ನಾವು ಡಿಸೈನ್ ಮಾಡುವಾಗ 200 ಬಾರ್ ತಡೆಯುತ್ತದಾ ಅಂತ ಒಂದು ಸಲ ನೋಡಿ ಬಿಡುವುದಿಲ್ಲ. ಕೋಟಿಗಟ್ಟಲೆ ಸಲ ತಡೆಯುತ್ತದಾ ಅಂತ ನೋಡುತ್ತೇವೆ, ಅಂಚಿಗೆ ದುಂಡು ಕೊಟ್ಟು ಪಾಲಿಶ್ ಮಾಡಿಸುತ್ತೇವೆ.

ಹೊರಗಿನ ವೆಲ್ಡ್ ಹನಿಯನ್ನು ಮುಚ್ಚುತ್ತದೆ, ಒಳಗಿನ ಬಿರುಕು ಹಾಗೇ ಬೆಳೆಯುತ್ತದೆ. ವೆಲ್ಡ್ ಶಾಖಕ್ಕೆ ತೂತುಗಳ ಅಳತೆ ಕೆಡುತ್ತದೆ, ಪಕ್ಕದಲ್ಲೇ ಹೊಸ ಸ್ಟ್ರೆಸ್ ಕೂರುತ್ತದೆ. ಇನ್ನೊಂದು ಮಾತು, ನನಗೆ ಜಾಸ್ತಿ ಚಿಂತೆ ಇದರದ್ದೇ. ನಿಮ್ಮ ಯಂತ್ರ ಪಾಶ್ಚರೀಕರಣ ಆದ ಮೇಲೆ ಇದೆ. ಬಿರುಕಿನೊಳಗೆ ಸೇರಿದ ಹಾಲನ್ನು ಯಾವ ಸಿಐಪಿಯೂ (ಯಂತ್ರ ಬಿಚ್ಚದೆ ದ್ರಾವಣ ಹರಿಸಿ ಮಾಡುವ ಶುಚಿ) ತೊಳೆಯುವುದಿಲ್ಲ. ಅಲ್ಲಿ ಬೆಳೆದ ಬ್ಯಾಕ್ಟೀರಿಯಾ ಶುದ್ಧವಾದ ಹಾಲಿಗೇ ಸೇರುತ್ತದೆ, ಮುಂದೆ ಅದನ್ನು ಕೊಲ್ಲುವ ಶಾಖ ಇಲ್ಲ. ಬ್ಲಾಕ್ ಬಿಚ್ಚಿ, ಒಳಗಿನ ಅಂಚಿಗೆ ಡೈ ಪೆನೆಟ್ರಂಟ್ ಟೆಸ್ಟ್ (ಬಣ್ಣ ಇಳಿಸಿ ಬಿರುಕನ್ನು ಗೆರೆಯಾಗಿ ತೋರಿಸುವ ಪರೀಕ್ಷೆ) ಮಾಡಿಸಿ, ಫೋಟೊ ಹಾಕಿ.

ಜ್ಯೂಸ್ ಘಟಕ: ಮುಳ್ಳು ಕುಣಿಯುತ್ತಿದೆ ಮೇಡಂ, 150 ಬಾರ್, ಏನು ಮಾಡಲಿ?

ಪಂಪ್ ಡಿಸೈನರ್: ಮೇಲೆ ಮೊದಲ ಉತ್ತರ ಓದಿ.

ಗೆಳೆಯರ ಬಳಗ: ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ. ಪ್ಯಾಕಿಂಗ್ ಬಾಳಿಕೆ ಬರಲು ಅಡುಗೆ ಎಣ್ಣೆ ಹಚ್ಚಿ. ವಾಲ್ವ್‌ಗಳನ್ನು ರಾತ್ರಿಯಿಡೀ ಬ್ಲೀಚ್‌ನಲ್ಲಿ ನೆನೆಸಿ. ಸೇಫ್ಟಿ ವಾಲ್ವ್ ಪದೇ ಪದೇ ತೆರೆದರೆ ಸ್ಪ್ರಿಂಗ್ ಅರ್ಧ ಸುತ್ತು ಬಿಗಿ ಮಾಡಿ.

ಪಂಪ್ ಡಿಸೈನರ್: ದಯವಿಟ್ಟು ಇದನ್ನು ಅಳಿಸಿ. ಪ್ಯಾಕಿಂಗ್ ಇಪಿಡಿಎಂ ಅನ್ನುವ ಬಗೆಯ ರಬ್ಬರಿನದಾದರೆ ಎಣ್ಣೆ ಕುಡಿದು ಉಬ್ಬುತ್ತದೆ. ಪ್ಲಂಜರ್‌ಗೆ ಬೇಕಾಗಿರುವುದು ನಿಲ್ಲದೆ ಹರಿಯುವ ತಣ್ಣೀರು, ಅದು ನಿಂತರೆ ಪ್ಯಾಕಿಂಗ್ ಸುಟ್ಟು ಹೋಗುತ್ತದೆ. ಬ್ಲೀಚ್‌ನ ಕ್ಲೋರಿನ್ 316 ದರ್ಜೆಯ ಸ್ಟೇನ್ಲೆಸ್ ಸ್ಟೀಲಿಗೂ ಗುಳಿ ಹಾಕುತ್ತದೆ, ಬಿರುಕು ಶುರುವಾಗಲು ಅಷ್ಟು ಸಾಕು. ಮೂರನೆಯದು ಜೀವಕ್ಕೇ ಅಪಾಯ. ಸೆಂಟ್ರಿಫ್ಯೂಗಲ್ ಪಂಪ್ ಆದರೆ ಮುಂದಿನ ದಾರಿ ಮುಚ್ಚಿದಾಗ ಒಂದು ಪ್ರೆಶರ್‌ಗೆ ನಿಲ್ಲುತ್ತದೆ. ಪ್ಲಂಜರ್ ಪಂಪ್ ನಿಲ್ಲುವುದಿಲ್ಲ, ಏನಾದರೂ ಒಡೆಯುವ ತನಕ ಒತ್ತುತ್ತಲೇ ಇರುತ್ತದೆ. ಸೇಫ್ಟಿ ವಾಲ್ವ್ ಯಾಕೆ ತೆರೆಯುತ್ತಿದೆ ಅಂತ ಹುಡುಕಿ. ಅದನ್ನು ಬಿಗಿ ಮಾಡಬೇಡಿ, ಪಂಪಿಗೂ ಅದಕ್ಕೂ ಮಧ್ಯೆ ಬೇರೆ ವಾಲ್ವ್ ಕೂರಿಸಬೇಡಿ.

ಗೆಳೆಯರ ಬಳಗ: ಒಳ್ಳೆಯದಕ್ಕೇ ಹಾಕಿದ್ದು ಮೇಡಂ. ಇಷ್ಟು ಗದರಬೇಕಾ?

ಪಂಪ್ ಡಿಸೈನರ್: ಇದನ್ನು ಓದಿ ಯಾರಾದರೂ ಸ್ಪ್ಯಾನರ್ ಎತ್ತಿಕೊಂಡು ಹೋದರೆ? ಅಳಿಸಿ.

ಡ್ರೈಯರ್ ವಿಭಾಗ: ಎಲ್ಲರೂ ಸೆರಾಮಿಕ್ ಪ್ಲಂಜರ್‌ಗೆ ಬದಲಾಯಿಸಿ. ಸವೆಯುವುದೇ ಇಲ್ಲ.

ಹಳೇ ಫಿಟ್ಟರ್: ಸುಮ್ನೆ ಹೇಳಬೇಡಿ. ನಮ್ಮಲ್ಲಿ ಬಿಸಿ ಸಿಐಪಿ ಆದ ಕೂಡಲೇ ತಣ್ಣೀರು ಬಿಟ್ಟರು, ಪ್ಲಂಜರ್ ಸೀಳಿತು. ಚೂರು ಹುಡುಕಲು ಇಡೀ ಲೈನ್ ಬಿಚ್ಚಿದೆವು.

ಡ್ರೈಯರ್ ವಿಭಾಗ: ಅದು ನಿಮ್ಮ ಆಪರೇಟರ್ ತಪ್ಪು, ಸೆರಾಮಿಕ್ ತಪ್ಪಲ್ಲ.

ಹಳೇ ಫಿಟ್ಟರ್: ಆಪರೇಟರ್ ಮನುಷ್ಯ ಅಲ್ವಾ? ಒಂದು ಸಲ ಕೈ ತಪ್ಪಿದರೆ ಒಡೆಯುವುದನ್ನು ಆಹಾರದ ಲೈನಿಗೆ ಯಾಕೆ ಹಾಕಬೇಕು?

ಡ್ರೈಯರ್ ವಿಭಾಗ: ಸ್ಟೀಲ್ ಪ್ಲಂಜರಿನ ಕ್ರೋಮ್ ಲೇಪನ ಎದ್ದು ಬರುವುದಿಲ್ವಾ? ಅದು ಯಾರ ಹೊಟ್ಟೆಗೆ ಹೋಗುತ್ತದೆ?

ಹಳೇ ಫಿಟ್ಟರ್: ಕೆಟಲಾಗ್ ಓದಿ ಮಾತಾಡುವವರ ಜೊತೆ ನನಗೆ ವಾದ ಬೇಡ.

ಪಂಪ್ ಡಿಸೈನರ್: ಉಜ್ಜುವ ಉತ್ಪನ್ನಕ್ಕೆ ಸೆರಾಮಿಕ್ ಒಳ್ಳೆಯದು, ಹಠಾತ್ ಬಿಸಿ-ತಂಪಿಗೆ ಕೆಟ್ಟದ್ದು. ಟಂಗ್‌ಸ್ಟನ್ ಕಾರ್ಬೈಡ್ ಲೇಪನವೂ ಇದೆ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಹೊಸ ಸದಸ್ಯ: 6000 ಬಾರ್‌ನಲ್ಲಿ ಜ್ಯೂಸ್ ಬಾಟಲಿ ಸಂಸ್ಕರಿಸುವ ಯಂತ್ರಕ್ಕೂ ಇದೇ ಪಂಪಾ?

ಪಂಪ್ ಡಿಸೈನರ್: ಅಲ್ಲ. ಅಲ್ಲಿ ಇಂಟೆನ್ಸಿಫೈಯರ್ ಇರುತ್ತದೆ. 300 ಬಾರ್ ಎಣ್ಣೆ ದೊಡ್ಡ ಪಿಸ್ಟನ್ ಒತ್ತುತ್ತದೆ, ಅದು ಇಪ್ಪತ್ತನೇ ಒಂದು ಭಾಗ ವಿಸ್ತೀರ್ಣದ ಸಣ್ಣ ಪಿಸ್ಟನ್ ಒತ್ತುತ್ತದೆ, ನೀರಿಗೆ 6000 ಬಾರ್ ಸಿಗುತ್ತದೆ. ಬಾಟಲಿ ಆ ನೀರಿನೊಳಗೆ ಇರುತ್ತದೆ, ಜ್ಯೂಸ್ ಪಂಪನ್ನು ಮುಟ್ಟುವುದೇ ಇಲ್ಲ.

ಬೆಣ್ಣೆ ವಿಭಾಗ: ಮೇಡಂ ಗೇಜ್ ಮುಳ್ಳು ಅಲ್ಲಾಡುತ್ತಿದೆ…

ಪಂಪ್ ಡಿಸೈನರ್: ಸಕ್ಷನ್.

ಸಾಸ್ ಲೈನ್: ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಮೇಂಟೆನೆನ್ಸ್: ಟೆಸ್ಟ್ ಆಯ್ತು ಮೇಡಂ. ಎರಡನೇ ಕೋಣೆಯ ಅಂಚಿನಿಂದ ಕೆಂಪು ಗೆರೆ ಸ್ಪಷ್ಟವಾಗಿ ಬಂತು. ಹೊಸ ಬ್ಲಾಕ್ ಬರುವ ತನಕ 100 ಬಾರ್‌ನಲ್ಲಿ ಓಡಿಸಿ ಅಂತ ಮೇಲಿನವರು ಹೇಳುತ್ತಿದ್ದಾರೆ.

ಪಂಪ್ ಡಿಸೈನರ್: ಬೇಡ. 100 ಬಾರ್‌ನಲ್ಲಿ ಬಿರುಕು ನಿಧಾನವಾಗಿ ಬೆಳೆಯಬಹುದು, ಅದರೊಳಗಿನ ಹಾಲು ಮಾತ್ರ ಅಲ್ಲೇ ಇರುತ್ತದೆ. ಹೋಮೋಜಿನೈಸರ್ ಬೈಪಾಸ್ ಮಾಡಿ, ಹೋಮೋಜಿನೈಸ್ ಮಾಡಬೇಕಿಲ್ಲದ ಉತ್ಪನ್ನ ಮಾತ್ರ ತೆಗೆಯಿರಿ. ನನ್ನ ಈ ಮಾತನ್ನು ಅವರಿಗೆ ಹಾಗೇ ತೋರಿಸಿ. ಹೊಸ ಬ್ಲಾಕಿಗೆ ಫೋರ್ಜ್ ಮಾಡಿದ ಸ್ಟೀಲ್, ಅಲ್ಟ್ರಾಸೋನಿಕ್ ಟೆಸ್ಟ್ ವರದಿ, ಕೂಡುವ ಅಂಚಿಗೆ ದುಂಡು ಮತ್ತು ಪಾಲಿಶ್ ಅಂತ ಬರವಣಿಗೆಯಲ್ಲಿ ಕೇಳಿ. ಹಳೆಯದನ್ನು ಗುಜರಿಗೆ ಹಾಕಬೇಡಿ. ಆ ಭಾಗ ಕೊಯ್ಸಿ, ಬಿರುಕು ಚೂಪು ಅಂಚಿನಿಂದ ಶುರುವಾಯಿತಾ, ತುಕ್ಕಿನ ಗುಳಿಯಿಂದಲಾ ಅಂತ ನೋಡಬೇಕು. ಗುಳಿಯಿಂದ ಆಗಿದ್ದರೆ ನಿಮ್ಮ ಸಿಐಪಿಯಲ್ಲಿ ಕ್ಲೋರಿನ್ ಎಷ್ಟಿದೆ, ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನು ಕಳಿಸಿ. ಅದು ಸರಿಯಾಗದಿದ್ದರೆ ಹೊಸ ಬ್ಲಾಕೂ ಹೀಗೇ ಸೀಳುತ್ತದೆ.