ಅಪ್‌ಡೇಟ್: ಖಾನಾವಳಿ ಕಾದಂಬರಿಗೆ ಗಂಟು ಸಿಕ್ಕಿತು

ನಾನು ಬರೆಯುತ್ತಿರುವ ಕಾದಂಬರಿಯ ಬಗ್ಗೆ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಕಲಬುರಗಿಯ ಒಂದು ಮನೆತನದ ಖಾನಾವಳಿ, ಆ ಮನೆ ಮಗಳು, ಅವಳು ಮನಸ್ಸು ಕೊಟ್ಟ ಹುಡುಗ. ಅವನ ಮೇಲೆ ಅನುಮಾನ ಬರಬೇಕು, ಪ್ರೀತಿಯೂ ಉಳಿಯಬೇಕು, ಹೇಗೆ ಅಂತ.

"ಕೊಲೆ ಬೇಡ, ಒಂದು ಕಾಗದ ಸಾಕು" ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಕೈಹಿಡಿಯಿತು. ಖಾನಾವಳಿ ಜಾಗ ತನ್ನದು ಅಂತ ಹುಡುಗಿಯ ಸೋದರಮಾವ ತೋರಿಸುವ ಕ್ರಯಪತ್ರಕ್ಕೆ 2011ರ ತಾರೀಖಿದೆ. ಆದರೆ ಕಚೇರಿ ಸೀಲ್‌ನಲ್ಲಿ 'ಕಲಬುರಗಿ' ಅಂತಿದೆ. ಊರವರ ಬಾಯಲ್ಲಿ ಮೊದಲಿನಿಂದಲೂ ಕಲಬುರಗಿನೇ, ನಿಜ. ಸರ್ಕಾರಿ ಲೆಕ್ಕದಲ್ಲಿ ಗುಲಬರ್ಗಾ ಹೋಗಿ ಆ ಹೆಸರು ಬಂದದ್ದು 2014ರ ನವೆಂಬರ್ 1ಕ್ಕೆ ಅಲ್ವಾ? ಅಂದ್ರೆ ಪತ್ರ ಖೊಟ್ಟಿ. ಹುಡುಗ ಅದನ್ನು ಮೊದಲೇ ನೋಡಿಯೂ ಸುಮ್ನೆ ಇದ್ದಾನೆ. ಯಾಕೆ ಅನ್ನೋದೇ ಈಗ ಸಸ್ಪೆನ್ಸ್.

ಪ್ರೀತಿಯನ್ನು ಅಡುಗೆಮನೆಗೆ ತಂದೆ. ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾಳೆ, ಮತ್ತೆ ಮುಂದಿನದನ್ನು ಬಡಿಯುತ್ತಾಳೆ. ಅವನು ಬಾಗಿಲಿಗೆ ಬಂದಾಗ ಆ ಸಪ್ಪಳ ನಿಲ್ಲುತ್ತದೆ. ಒಳಗಿಂದ ಅವ್ವ, "ಯಾಕವ್ವಾ, ಕೈ ನಿಂತ್ವು?" ಅಂತಾಳೆ. ಇದನ್ನು ಬರೆದಾಗ ನನಗೇ ಕಣ್ಣು ತುಂಬಿತು.

ಮೂರು ಅಧ್ಯಾಯ ಬಾಕಿ ಇವೆ. ಬರೆದಷ್ಟನ್ನು ಅಕ್ಕನಿಗೆ ಓದಲು ಕೊಟ್ಟಿದ್ದೇನೆ.