ದೇವರ ಮೇಲೆ ಭರವಸೆಯಿಟ್ಟವನು ಮುಂದಿನ ಬದುಕಿಗೆ ಲೆಕ್ಕ ಹಾಕುವುದು ಅವಿಶ್ವಾಸವೇ?

ಪ್ರಶ್ನೆ: ಮುಳಬಾಗಿಲು ಕಡೆಯ ಸಹೋದರ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸದಲ್ಲಿದ್ದೇನೆ. ಮುಳಬಾಗಿಲು ತಾಲ್ಲೂಕಿನಲ್ಲಿ ತಂದೆಯವರಿಂದ ಬಂದ ಎರಡು ಎಕರೆ ಖುಷ್ಕಿ ಜಮೀನಿದ್ದು, ಮಳೆಯಾದ ವರ್ಷ ಅದರಲ್ಲಿ ರಾಗಿ, ಅವರೆ ಬೆಳೆಯುತ್ತೇವೆ. ಕೆಲಸ ಬಿಟ್ಟು, ಹೆಂಡತಿಯ ಒಡವೆಯನ್ನು ಅಡವಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ, ಬೋರ್‌ವೆಲ್ ಕೊರೆಸಿ ಟೊಮೆಟೊ ಬೆಳೆಯಬೇಕೆಂಬ ಆಲೋಚನೆ ನನ್ನಲ್ಲಿ ಬಹಳ ಕಾಲದಿಂದ ಇದೆ.

ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಕಾರ್ಡಿನಲ್ಲಿ, ನಿಮ್ಮ ವಿಷಯವಾಗಿ ನನಗಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು ಎಂದು ದೇವರು ಹೇಳುವ ಯೆರೆಮೀಯ 29:11 ಇತ್ತು. ಅದಾದ ಮೇಲೆ ಒಂದು ಉಪವಾಸ ಪ್ರಾರ್ಥನೆಗೆ ಬೇರೆ ಊರಿನಿಂದ ಬಂದಿದ್ದ ದೇವಸೇವಕರೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು, ಈ ವರ್ಷ ನಿನ್ನ ಹೊಲದಲ್ಲಿ ನೀರಿನ ಬುಗ್ಗೆ ತೆರೆಯುವುದು ಎಂದು ಹೇಳಿದರು. ದೇವರ ಮಾತು ಬಂದ ಮೇಲೂ ಲೆಕ್ಕ ಹಾಕುತ್ತಾ ಕೂರುವುದು ಅವಿಶ್ವಾಸ ಎಂದು ನಮ್ಮ ಪ್ರಾರ್ಥನಾ ಗುಂಪಿನವರು ಹೇಳುತ್ತಿದ್ದಾರೆ. ಶಾಲೆಯೊಂದರಲ್ಲಿ ಪಾಠ ಮಾಡುವ ನನ್ನ ಹೆಂಡತಿ ಇದಕ್ಕೆ ಎದುರು ಮಾತಾಡಿಲ್ಲ. ಆದರೆ ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಒಂದು ಕಡೆ ‘ನೀರು ಬಂದರೆ’, ಇನ್ನೊಂದು ಕಡೆ ‘ನೀರು ಬಾರದಿದ್ದರೆ’ ಎಂದು ಬರೆದು, ಎರಡನೆಯದರ ಕೆಳಗೆ ತಿಂಗಳ ಬಡ್ಡಿ, ಶಾಲೆಯ ಶುಲ್ಕ, ಅತ್ತೆಯವರ ಮಾತ್ರೆಯ ಖರ್ಚು ಎಲ್ಲವನ್ನೂ ಪಟ್ಟಿ ಮಾಡಿಟ್ಟಿದ್ದಾಳೆ. ಅದನ್ನು ನೋಡಿದಾಗಿನಿಂದ ನನ್ನ ಮನಸ್ಸು ಎರಡಾಗಿದೆ. ದೇವರ ಮೇಲೆ ಪೂರ್ಣವಾಗಿ ಆತುಕೊಂಡು ನಡೆಯುವವನು ಆ ಎರಡನೆಯ ಪಟ್ಟಿಯನ್ನು ಬರೆಯಬಹುದೇ?

ಉತ್ತರ 1: ಚಿಕ್ಕಬಳ್ಳಾಪುರದ ಸಭಾಪಾಲಕ

ಸಹೋದರರೇ, ಬರೆಯಬಹುದು ಎನ್ನುವುದಕ್ಕಿಂತ, ಬರೆಯಲೇಬೇಕು ಎಂದು ನಾನು ಹೇಳುತ್ತೇನೆ. ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು, ಅದನ್ನು ತೀರಿಸುವಷ್ಟು ಹಣ ತನ್ನಲ್ಲಿದೆಯೋ ಇಲ್ಲವೋ ಎಂದು ಲೆಕ್ಕ ಮಾಡುವುದಿಲ್ಲವೇ ಎಂದು ಕೇಳಿದವನು ನಮ್ಮ ಕರ್ತನೇ (ಲೂಕ 14:28). ತನ್ನನ್ನು ಹಿಂಬಾಲಿಸುವುದಕ್ಕೆ ತಗಲುವ ಬೆಲೆಯ ಬಗ್ಗೆ ಹೇಳುವಾಗ ಆತನು ಕೊಟ್ಟ ಉದಾಹರಣೆ ಅದು. ಲೆಕ್ಕ ಹಾಕುವುದೇ ಪಾಪವಾಗಿದ್ದರೆ ಅಂಥ ಉದಾಹರಣೆಯನ್ನು ಆತನು ಆರಿಸಿಕೊಳ್ಳುತ್ತಿರಲಿಲ್ಲ.

ನಿಮ್ಮ ಗುಂಪಿನವರ ಮನಸ್ಸಿನಲ್ಲಿ ಬಹುಶಃ ಯಾಕೋಬನ ಪತ್ರಿಕೆಯ 4ನೆಯ ಅಧ್ಯಾಯ ಇರಬೇಕು. ಇಂಥ ಪಟ್ಟಣಕ್ಕೆ ಹೋಗಿ, ಅಲ್ಲಿ ಒಂದು ವರ್ಷವಿದ್ದು, ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎನ್ನುವವರನ್ನು ಯಾಕೋಬನು ಅಲ್ಲಿ ಗದರಿಸುತ್ತಾನೆ ನಿಜ. ಆದರೆ ಅವರು ಯೋಜನೆ ಮಾಡಿದ್ದಕ್ಕಾಗಿ ಅವನು ಗದರಿಸುತ್ತಿಲ್ಲ. ಕರ್ತನ ಚಿತ್ತವಿದ್ದರೆ ಬದುಕಿದ್ದು ಈ ಕೆಲಸವನ್ನೋ ಆ ಕೆಲಸವನ್ನೋ ಮಾಡುವೆವು ಎನ್ನಬೇಕೆಂದು ಹೇಳುವಾಗ ಕೆಲಸವನ್ನೂ ಯೋಜನೆಯನ್ನೂ ಹಾಗೆಯೇ ಉಳಿಸಿ, ಲಾಭ ಬಂದೇ ಬರುತ್ತದೆಂಬ ಜಂಬದ ಮಾತನ್ನು ಮಾತ್ರ ತೆಗೆದುಹಾಕುತ್ತಾನೆ. ಹಾಗೆ ನೋಡಿದರೆ ‘ನೀರು ಬಾರದಿದ್ದರೆ’ ಎಂದು ಬರೆದ ನಿಮ್ಮ ಹೆಂಡತಿಯವರೇ ಯಾಕೋಬನ ಮಾತನ್ನು ಪಾಲಿಸಿದ್ದಾರೆ. ನಾಳೆ ಏನಾಗುವುದೋ ತಮಗೆ ತಿಳಿಯದು ಎಂದು ಒಪ್ಪಿಕೊಂಡವರು ಮಾತ್ರ ಆ ಪಟ್ಟಿಯನ್ನು ಬರೆಯಬಲ್ಲರು.

ಪಾರಸಿಯ ರಾಜನ ಸೇವೆಯಲ್ಲಿದ್ದ ನೆಹೆಮೀಯನನ್ನೂ ನೋಡಿ. ಯೆರೂಸಲೇಮಿನ ಗೋಡೆ ಕೆಡವಲ್ಪಟ್ಟಿದೆ ಎಂಬ ಸುದ್ದಿ ಕಿಸ್ಲೇವ್ ತಿಂಗಳಲ್ಲಿ ಅವನಿಗೆ ಮುಟ್ಟಿತು. ಅವನು ಅತ್ತು, ಉಪವಾಸವಿದ್ದು, ಪ್ರಾರ್ಥಿಸಿ, ರಾಜನ ಮುಂದೆ ಬಾಯಿಬಿಟ್ಟು ಕೇಳಿದ್ದು ನೀಸಾನ್ ತಿಂಗಳಲ್ಲಿ, ಅಂದರೆ ಸುಮಾರು ನಾಲ್ಕು ತಿಂಗಳಾದ ಮೇಲೆ. ಕೇಳಿದಾಗ ಎಷ್ಟು ಕಾಲ ಬೇಕೆಂಬುದು, ದಾರಿಯ ಅಧಿಪತಿಗಳಿಗೆ ಪತ್ರ, ಮರಕ್ಕಾಗಿ ವನಪಾಲಕನಿಗೆ ಇನ್ನೊಂದು ಪತ್ರ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಊರಿಗೆ ಬಂದ ಮೇಲೂ ಯಾರಿಗೂ ಹೇಳದೆ ರಾತ್ರಿಯಲ್ಲಿ ಗೋಡೆಯನ್ನು ಸುತ್ತಿ ಪರೀಕ್ಷಿಸಿದನು. ಶತ್ರುಗಳು ಬೆದರಿಸಿದಾಗ ದೇವರಿಗೆ ಮೊರೆಯಿಟ್ಟದ್ದೂ ಹಗಲಿರುಳು ಕಾವಲಿಟ್ಟದ್ದೂ ಒಂದೇ ವಾಕ್ಯದಲ್ಲಿ ಬಂದಿದೆ (ನೆಹೆಮೀಯ 4:9). ಕಾವಲಿಟ್ಟದ್ದರಿಂದ ಅವನ ಪ್ರಾರ್ಥನೆ ಸುಳ್ಳಾಯಿತೆಂದು ಯಾರಾದರೂ ಹೇಳಿಯಾರೇ?

ಒಂದು ಮಾತನ್ನು ಕಠಿಣವಾಗಿಯೇ ಹೇಳುತ್ತೇನೆ, ಕ್ಷಮಿಸಿ. ದೇವಾಲಯದ ಶಿಖರದಿಂದ ಕೆಳಕ್ಕೆ ದುಮುಕು, ದೇವದೂತರು ಎತ್ತಿಕೊಳ್ಳುವರು ಎಂದು ಸೈತಾನನು ಹೇಳಿದಾಗ ಅವನ ಬಾಯಲ್ಲಿದ್ದದ್ದೂ ಒಂದು ವಾಗ್ದಾನದ ವಚನವೇ ಆಗಿತ್ತು (ಮತ್ತಾಯ 4:6). ದೇವರನ್ನು ಪರೀಕ್ಷಿಸಬಾರದು ಎಂದು ಕರ್ತನು ಉತ್ತರ ಕೊಟ್ಟನು. ತೀರಿಸುವ ದಾರಿಯನ್ನು ಯೋಚಿಸದೆ ಒಡವೆಯನ್ನೂ ಮಕ್ಕಳ ಶುಲ್ಕವನ್ನೂ ಪಣಕ್ಕಿಟ್ಟು, ದೇವರು ಎತ್ತಿಕೊಳ್ಳುವನು ಎಂದು ಹಾರುವುದು ನನ್ನ ದೃಷ್ಟಿಯಲ್ಲಿ ಭರವಸೆಯಲ್ಲ. ನಿಮಗೆ ಆ ಮಾತು ಹೇಳಿದ ಸೇವಕರ ಮನಸ್ಸನ್ನು ನಾನು ತೀರ್ಪು ಮಾಡಲಾರೆ. ಆದರೆ ಪ್ರವಾದನೆಗಳನ್ನು ತೆಗೆದುಹಾಕದೆ ಎಲ್ಲವನ್ನೂ ಪರಿಶೋಧಿಸಬೇಕೆಂದು ಪೌಲನು ಥೆಸಲೊನೀಕದವರಿಗೆ ಬರೆದದ್ದು ನಿಮಗೂ ಅನ್ವಯಿಸುತ್ತದೆ.

ಉತ್ತರ 2: ಬಂಗಾರಪೇಟೆಯ ಸಹೋದರಿ

ಅಯ್ಯನವರ ಮಾತಿಗೆ ಯೆರೆಮೀಯ 29ರ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ಆ ವಚನ ನಮ್ಮ ಮನೆಯ ಗೋಡೆಯ ಮೇಲೂ ಬಹಳ ವರ್ಷ ಇತ್ತು. ಅಣ್ಣ, ಕಾರ್ಡಿನಲ್ಲಿ 11ನೆಯ ವಚನ ಮಾತ್ರ ಇರುತ್ತದೆ. ದಯವಿಟ್ಟು ಹಿಂದಿನ ಅಧ್ಯಾಯದಿಂದ ಓದಿರಿ. ಬಾಬೆಲಿಗೆ ಸೆರೆಹೋದವರು ಎರಡೇ ವರ್ಷದಲ್ಲಿ ಹಿಂದಿರುಗುವರು ಎಂದು ಹನನ್ಯನೆಂಬ ಪ್ರವಾದಿಯು ದೇವಾಲಯದಲ್ಲಿಯೇ ನಿಂತು ಹೇಳಿದನು. ಅದು ಸುಳ್ಳಾಯಿತು; ಯೆರೆಮೀಯನು ಸೆರೆಯವರಿಗೆ ಬರೆದ ಪತ್ರದಲ್ಲಿ ಹೇಳಿದ ಅವಧಿ 70 ವರ್ಷ. ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿ ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಬರೆದ ಮೇಲೆಯೇ ಹಿತದ ಆಲೋಚನೆಗಳ ಮಾತು ಬರುತ್ತದೆ. ಆ ಪತ್ರವನ್ನು ಕೇಳಿದ ಹಿರಿಯರಲ್ಲಿ ಅನೇಕರು ಊರಿಗೆ ಮರಳುವುದನ್ನು ಕಣ್ಣಾರೆ ಕಾಣಲಿಲ್ಲ. ಆದರೂ ಆ ವಾಗ್ದಾನ ಅವರಿಗೂ ಸೇರಿದ್ದೇ ಆಗಿತ್ತು.

ನಮ್ಮ ತಂದೆ ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸ ಮಾಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ, ಮತ್ತೆ ತೆರೆಯುತ್ತದೆ, ದೇವರು ತೆರೆಸುವನು ಎಂದು ನಂಬಿ ಬೇರೆ ಕೆಲಸ ಹುಡುಕದೆ ಕುಳಿತವರು ನಮ್ಮ ಸಾಲಿನಲ್ಲಿಯೇ ಇದ್ದರು. ಮೊಣಕಾಲೂರಿ ಪ್ರಾರ್ಥಿಸಿ ಎದ್ದು, ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋದವರೂ ಅದೇ ಸಾಲಿನಲ್ಲಿದ್ದರು. ನಮ್ಮ ತಂದೆ ಹಾಗೆ ಹೋದವರು. ಕುಳಿತವರಿಗೆ ವಿಶ್ವಾಸ ಕಡಿಮೆಯಿತ್ತೆಂದು ನಾನು ಎಂದೂ ಹೇಳುವುದಿಲ್ಲ, ಅವರ ಕಣ್ಣೀರನ್ನು ನೋಡಿದ್ದೇನೆ. ಆದರೆ ರೈಲು ಹತ್ತಿದವರ ವಿಶ್ವಾಸ ಕಡಿಮೆಯದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅಣ್ಣ, ಅತ್ತಿಗೆಯವರ ಮೌನವನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಅಡವಿಡುವ ಒಡವೆ ಅವರದು.

ಉತ್ತರ 3: ಚಿಂತಾಮಣಿಯ ರೈತ

ವಚನದ ವಿಷಯವನ್ನು ಹಿರಿಯರು ಹೇಳಿದ್ದಾರೆ, ನಾನು ನೆಲದ ವಿಷಯ ಹೇಳುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಅಂತರ್ಜಲವನ್ನು ಅತಿಯಾಗಿ ಬಳಸಿದ ಪ್ರದೇಶವಿದು, ಸಾವಿರ ಅಡಿ ದಾಟಿದರೂ ಬರೀ ಧೂಳು ಬಂದ ಬೋರ್‌ವೆಲ್‌ಗಳು ಪ್ರತಿ ಊರಲ್ಲೂ ಇವೆ. 2018ರಿಂದ ಕೆ.ಸಿ. ವ್ಯಾಲಿಯ, ಅಂದರೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕಡೆಯ ಕೆರೆಗಳಿಗೆ ಬರುತ್ತಿರುವುದರಿಂದ ಆ ಕೆರೆಗಳ ಸುತ್ತ ಕೆಲವು ಕಡೆ ಪರಿಸ್ಥಿತಿ ಸುಧಾರಿಸಿದೆ. ನಿಮ್ಮ ಊರಿನ ಕೆರೆಗೆ ನೀರು ಬಂದಿದೆಯೇ, ಅಕ್ಕಪಕ್ಕದವರ ಬೋರ್‌ವೆಲ್‌ನಲ್ಲಿ ಬೇಸಿಗೆಯಲ್ಲಿ ಎಷ್ಟು ಇಂಚು ನೀರು ನಿಲ್ಲುತ್ತದೆ ಎಂಬುದನ್ನು ಮೊದಲು ವಿಚಾರಿಸಿರಿ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರ ಮಾತನ್ನೇ ನೆಚ್ಚಿಕೊಳ್ಳದೆ ಭೂವಿಜ್ಞಾನ ಬಲ್ಲವರಿಂದ ನೋಡಿಸಿರಿ. ಕೊರೆಸಲು ಅನುಮತಿ ಬೇಕು, ಅದನ್ನೂ ಮರೆಯಬೇಡಿ.

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ನೋಡಿ ಮುಂದಿನ ಬೆಳೆಗೆ ಸಾಲ ಮಾಡಿದವರನ್ನು ನಾನು ಬಲ್ಲೆ. ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ. ಕೆಲಸವನ್ನು ಈಗಲೇ ಬಿಡಬೇಡಿ. ಎರಡು ಎಕರೆಗೆ ಒಂದು ಕೃಷಿಹೊಂಡ ತೆಗೆಸಿ, ಮಳೆನೀರಿನಲ್ಲಿ ಕಾಲು ಎಕರೆ ತರಕಾರಿ ಮಾಡಿ ಕೈ ಕುದುರಿಸಿಕೊಳ್ಳಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹನನ್ಯನ ಅಧ್ಯಾಯವನ್ನು ನಿನ್ನೆ ರಾತ್ರಿ ಇಬ್ಬರೂ ಕುಳಿತು ಓದಿದೆವು. ಒಂದು ಸಂಶಯ ಉಳಿದಿದೆ. ಇಷ್ಟೆಲ್ಲ ವಿಚಾರಿಸಿ, ಲೆಕ್ಕ ಹಾಕಿ, ನಾವೇ ತೀರ್ಮಾನಿಸಿದರೆ, ಅದರಲ್ಲಿ ದೇವರು ನಡಿಸಿದ್ದು ಯಾವುದು?

ಉತ್ತರ 4: ಚಿಕ್ಕಬಳ್ಳಾಪುರದ ಸಭಾಪಾಲಕ

ಪೌಲನ ಪ್ರಯಾಣಗಳಲ್ಲಿ ಇದಕ್ಕೆ ಉತ್ತರವಿದೆ. ಆಸ್ಯದಲ್ಲಿ ಸಾರಬೇಕೆಂದಿದ್ದಾಗ ಪವಿತ್ರಾತ್ಮನು ತಡೆದನು, ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದಾಗಲೂ ದಾರಿ ಮುಚ್ಚಿತು, ತ್ರೋವದಲ್ಲಿ ಮಕೆದೋನ್ಯದವನ ದರ್ಶನವಾಯಿತು. ಅವನು ಯೋಜಿಸಿ ನಡೆಯುತ್ತಿದ್ದುದರಿಂದಲೇ ತಡೆದದ್ದು ಅವನಿಗೆ ಗೊತ್ತಾಯಿತು. ಮುಂದೆ ರೋಮಾಪುರದ ಮೂಲಕ ಸ್ಪೇನಿಗೆ ಹೋಗುವೆನೆಂದು ಬರೆದನು; ರೋಮಾಪುರವನ್ನು ಸೇರಿದ್ದು ಸೆರೆಯವನಾಗಿ. ಯೋಜನೆ ಮುರಿದ ಆ ಬಾಡಿಗೆ ಮನೆಯಲ್ಲಿಯೂ ಬಂದವರಿಗೆಲ್ಲ ದೇವರ ರಾಜ್ಯವನ್ನು ಸಾರುತ್ತಿದ್ದನು.

ಆದ್ದರಿಂದ ನಿಮ್ಮನ್ನು ಕೇಳುವುದು ಇಷ್ಟೇ: ನೀರು ಇಲ್ಲವೆಂದು ತಿಳಿದವರು ಹೇಳಿದರೆ, ಆ ಯೋಜನೆಯನ್ನು ಕೈಬಿಟ್ಟು, ಸೋಮವಾರ ಎಂದಿನಂತೆ ನರಸಾಪುರದ ಬಸ್ಸು ಹತ್ತಿ, ದೇವರು ತನ್ನನ್ನು ಮರೆತಿಲ್ಲವೆಂದು ಸ್ತೋತ್ರ ಮಾಡಲು ನಿಮ್ಮಿಂದ ಆಗುವುದೇ? ಆಗುವುದಾದರೆ ವಿಚಾರಿಸಲು ಹೊರಡಿರಿ. ಇನ್ನೂ ಆಗದು ಎಂದಾದರೆ ಸ್ವಲ್ಪ ಕಾಲ ಪ್ರಾರ್ಥಿಸಿರಿ. ಜಮೀನು ಎಲ್ಲಿಗೂ ಹೋಗುವುದಿಲ್ಲ.

ಉತ್ತರ 5: ಚಿಂತಾಮಣಿಯ ರೈತ

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಜಮೀನು ನೋಡಲು ನಾನು ಬರಬಲ್ಲೆ. ಪಹಣಿಯನ್ನೂ ಅಕ್ಕನವರು ಬರೆದ ನೋಟ್‌ಬುಕ್ಕನ್ನೂ ತೆಗೆದಿಟ್ಟಿರಿ. ಮೋಟಾರು, ಕೇಸಿಂಗ್ ಪೈಪು, ಡ್ರಿಪ್ಪಿನ ಈಗಿನ ಬೆಲೆಗಳನ್ನು ಅವರ ಪಟ್ಟಿಗೆ ಸೇರಿಸಿಕೊಡುತ್ತೇನೆ.